ಅಮ್ಮನ ಕಂಬ

"ಗುದ್ದಲಿ ಆ ಮನೆಯವ್ರಿಗೆ ಕಾಣದ ಹಾಗೆ ಹಿಡ್ಕೋ," ಎಂದ ಪ್ರಯೂನ್. ವಿಲ್ಲಾದ ಕಬ್ಬಿಣದ ಗೇಟು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿತ್ತು.

"ಕದಿಯೋಕೆ ಬಂದಿದೀವಾ ಅಣ್ಣ? ನಮ್ಮಮ್ಮನ್ನ ಕರ್ಕೊಂಡು ಹೋಗೋಕೆ ತಾನೆ ಬಂದಿರೋದು," ಎಂದಳು ಉಬೋನ್. ಆದರೂ ಗುದ್ದಲಿಯನ್ನು ಪಾದದವರೆಗೆ ಇಳಿಬಿದ್ದ ತನ್ನ ಲುಂಗಿಯ ಮರೆಗೆ ಸರಿಸಿದಳು. ಇನ್ನೊಂದು ಕೈಯಲ್ಲಿ ಮಲ್ಲಿಗೆ ತೇಲುವ ಪರಿಮಳದ ನೀರಿನ ಬೋಗುಣಿಯಿತ್ತು.

ಖನೋಮ್ ಎಂಬ ಊರಿನ ಈ ಕಡಲಂಚಿನಲ್ಲಿ ಸತ್ತವರನ್ನು ಸುಟ್ಟು, ಎಲುಬಿನ ಚೂರುಗಳನ್ನು ಕುಡಿಕೆಯಲ್ಲಿಟ್ಟು ಸ್ವಂತ ತೋಟದಲ್ಲೇ ಹೂಳುತ್ತಿದ್ದರು. ಮೇಲೊಂದು ಗಾರೆಯ ಕಂಬ, ಅದರ ತುದಿಗೆ ಕಮಲದ ಮೊಗ್ಗು. ಹೊಸ ವರ್ಷದ ಸೋಂಕ್ರಾನ್ ಹಬ್ಬಕ್ಕೆ ಮಕ್ಕಳು ಎಲ್ಲಿದ್ದರೂ ಬಂದು ನೀರೆರೆಯಬೇಕು. ಇಲ್ಲಿದ್ದ ತೆಂಗಿನ ತೋಟ ಮಾರುವಾಗ, ಅಮ್ಮನ ಕಂಬವನ್ನು ಯಾರೂ ಮುಟ್ಟುವುದಿಲ್ಲ ಎಂದು ಪ್ರಯೂನ್ ತಂಗಿಗೆ ಮಾತು ಕೊಟ್ಟಿದ್ದ. ಮಾತು ಕೊಡುವುದರಲ್ಲಿ ಅವನ ಕೈ ಯಾವಾಗಲೂ ದೊಡ್ಡದು. ಕೊಂಡವರು ಮನೆ ಕಟ್ಟಿ ಮುಗಿಸುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ದೂರದ ಮೀನಿನ ಕಾರ್ಖಾನೆಯಿಂದ ರಜೆ ಹಾಕಿ ಬಂದ ಉಬೋನ್ ಪ್ರತಿ ಹಬ್ಬಕ್ಕೂ ಕಾಂಪೌಂಡಿನ ಗೋಡೆಗೇ ನೀರೆರೆದು ಹೋಗಿದ್ದಳು. ಹೆತ್ತ ತಾಯಿಯನ್ನು ಇನ್ನು ಪರರ ಅಂಗಳದಲ್ಲಿ ಬಿಡಬಾರದು, ಬೌದ್ಧ ವಿಹಾರಕ್ಕೆ ಸಾಗಿಸಬೇಕು ಎಂದು ಈ ಸಲ ಹಟ ಹಿಡಿದಿದ್ದಳು.

ಬ್ಯಾಂಕಾಕಿನಿಂದ ಬಂದು ನೆಲೆಸಿದ ಮನೆಯೊಡತಿ ನರುಮೋನ್, ಒದ್ದೆ ಈಜುಡುಗೆಯ ಮೇಲೆ ಟವೆಲ್ ಸುತ್ತಿಕೊಂಡು ಎದುರು ಬಂದಳು. ಒಳ್ಳೆಯ ಹೆಂಗಸು. ಒಳ್ಳೆಯವರ ಮೇಲೆ ಸಿಟ್ಟಾಗುವುದೂ ಒಂದು ಕಷ್ಟ.

"ಬನ್ನಿ ಅಕ್ಕ, ಬಿಸಿಲಲ್ಲಿ ಯಾಕೆ ನಿಂತ್ರಿ? ನಿಮ್ಮ ಕಂಬ ಎಷ್ಟು ಚೆನ್ನಾಗಿ ಇಟ್ಕೊಂಡಿದೀನಿ ನೋಡಿ."

ಕಂಬ ಗೋಡೆಯ ಮೂಲೆಯಲ್ಲಿ, ಈಜಿ ಬಂದವರು ಮೈ ತೊಳೆಯುವ ಶವರಿನ ಪಕ್ಕ ನಿಂತಿತ್ತು. ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. ಬುಡದಲ್ಲಿ ಪುಟ್ಟ ದೀಪಗಳು.

"ಇದು ಇಲ್ಲಿರಲಿಲ್ಲ," ಎಂದಳು ಉಬೋನ್.

"ಹೌದಕ್ಕ, ಈಜುಕೊಳ ತೋಡೋಕೆ ಅಡ್ಡ ಬರ್ತಿತ್ತು. ಕ್ರೇನ್ ತರಿಸಿ, ಒಂದು ಚೂರೂ ಮುರೀದ ಹಾಗೆ ಎತ್ತಿಸಿದ್ವಿ. ಎಲುಬೆಲ್ಲ ಆಗಲೇ ತೆಗೆದಾಗಿದೆ, ಬರೀ ಕಂಬ ಅಂತ ನಿಮ್ಮಣ್ಣ ಹೇಳಿದ್ರಲ್ಲ."

ಉಬೋನ್ ಅಣ್ಣನ ಕಡೆ ತಿರುಗಿದಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಕಂಬ ಜರುಗಿಸಿದ್ದು ಅವನಿಗೂ ಗೊತ್ತಿರಲಿಲ್ಲ.

ನರುಮೋನ್ ತಣ್ಣನೆಯ ನೀರು ತರಲು ಒಳಗೆ ಹೋದಳು.

"ಎಲುಬಿದೆ ಅಂದ್ರೆ ಆ ನೆಲ ಯಾರು ಕೊಳ್ತಾರೆ, ನೀನೇ ಹೇಳು," ಎಂದ ಪ್ರಯೂನ್ ಪಿಸುದನಿಯಲ್ಲಿ. "ಮೊದಲು ಮಾರೋಣ, ಆಮೇಲೆ ಭಿಕ್ಷುಗಳನ್ನ ಕರೆಸಿ ತೆಗೆಸೋಣ ಅಂತಿದ್ದೆ. ಇವತ್ತು ನಾಳೆ ಅಂತ ಹಾಗೇ..."

"ನಿನಗೆ ಹೊಟ್ಟೆಗೆ ಹಾಕಿದ್ದು ಅವಳೇ ಅಲ್ವಾ?"

ಒಡಹುಟ್ಟಿದವನನ್ನು ಅಲ್ಲೇ ಕೊಂದುಬಿಡಬೇಕೆನಿಸಿತು ಉಬೋನಳಿಗೆ.

ನರುಮೋನ್ ಲೋಟ ಹಿಡಿದು ಬಂದಾಗ ಅವಳು ಕೇಳಿದ್ದು ಒಂದೇ: "ಕೊಳ ತೋಡಿದ ಮಣ್ಣು ಎಲ್ಲಿಗೆ ಹೋಯ್ತು ಅಮ್ಮಾವ್ರೇ?"

"ಲಾರಿಯವ್ರು ತಗೊಂಡು ಹೋದ್ರು. ಯಾವ ರಸ್ತೆಗೆ ಹಾಕಿದ್ರೋ, ಯಾವ ಗುಂಡಿ ಮುಚ್ಚಿದ್ರೋ. ಯಾಕಕ್ಕ?"

ಹೇಳಿಬಿಡಬಹುದಿತ್ತು. ಹೇಳಿದರೆ ಈ ಹೆಂಗಸು ಇನ್ನು ಆ ನೀರಿಗೆ ಕಾಲಿಡುವುದಿಲ್ಲ. ಭಿಕ್ಷುಗಳು ಬಂದು ಮಂತ್ರ ಹೇಳುತ್ತಾರೆ, ಮನೆ ಬೇರೆಯವರ ಪಾಲಾಗುತ್ತದೆ. ಅಮ್ಮ ಮಾತ್ರ ಯಾವುದೋ ರಸ್ತೆಯ ಕೆಳಗೇ ಇರುತ್ತಾಳೆ.

"ಏನಿಲ್ಲ," ಎಂದಳು. "ಸುಮ್ಮನೆ ಕೇಳಿದೆ."

ಗುದ್ದಲಿಯನ್ನು ಅಣ್ಣನ ಕಾಲ ಬಳಿ ಹಾಕಿ, ಕಂಬ ಮೊದಲು ನಿಂತಿದ್ದ ಜಾಗಕ್ಕೆ, ಕೊಳದ ಕಡಲ ಕಡೆಯ ಅಂಚಿಗೆ ಹೋಗಿ ಮಂಡಿಯೂರಿದಳು. ಬೋಗುಣಿಯ ನೀರನ್ನು ನಿಧಾನವಾಗಿ ಒಳಗೆ ಸುರಿದಳು.

"ನಮ್ಮ ಕೊಳಕ್ಕೂ ಹಾಕಿದ್ರಾ? ಮನೆಗೆ ಒಳ್ಳೇದಾಯ್ತು," ಎಂದು ನರುಮೋನ್ ಭಕ್ತಿಯಿಂದ ಕೈಮುಗಿದಳು.

ಮಲ್ಲಿಗೆ ಹೂಗಳು ನೀಲಿ ನೀರಿನಲ್ಲಿ ಸ್ವಲ್ಪ ಹೊತ್ತು ಸುತ್ತಿದವು. ಆಮೇಲೆ ಒಂದೊಂದಾಗಿ ಕೊಳದ ಗೋಡೆಯಲ್ಲಿದ್ದ, ಕಸ ಸೆಳೆಯುವ ಕಂಡಿಯ ಕಡೆಗೆ ಸಾಗಿದವು. ಪ್ರತಿ ಹೂವಿಗೂ ಅದರ ಪುಟ್ಟ ಮುಚ್ಚಳ ಒಳಕ್ಕೆ ಬಾಗಿ, ದಾರಿ ಬಿಟ್ಟು, ಮತ್ತೆ ಮುಚ್ಚಿಕೊಳ್ಳುತ್ತಿತ್ತು.