ಸ್ಟೋರ್ ಗೋಡೆಯ ಸಲಗ

ವನಗೂರಿನ ಹುಲಿಯಮ್ಮ ಮೂವತ್ತು ವರ್ಷ ಕಾಫಿ ಕೊಯ್ದವಳು. ತೋಟದಲ್ಲಿ ಕಣ್ಣಿಗೆ ಬಿದ್ದ ಕಾಡುಪ್ರಾಣಿಗಳನ್ನೆಲ್ಲ ಗೋಡೆಯ ಮೇಲೆ ಬರೆಯುವುದು ಅವಳ ಹುಚ್ಚು. ಕೂಲಿಯವರ ಲೈನ್ ಮನೆಗಳ ಗೋಡೆಗಳೆಲ್ಲ ಭರ್ತಿಯಾದ ಮೇಲೆ ಎಸ್ಟೇಟ್ ಮಾಲೀಕ ರವಿಚಂದ್ರ ಕಾಫಿ ಸ್ಟೋರಿನ ಗೋಡೆ ತೋರಿಸಿ, “ಕೋತಿ ಹೆದರೋ ಹಂಗೆ ಇಲ್ಲೊಂದು ಹುಲಿ ಬರಿ” ಎಂದರು.

“ನೋಡದೆ ಇರೋದನ್ನ ನಾನು ಬರಿಯಲ್ಲ ಕಣ್ರಯ್ಯ. ಆನೆ ಬೇಕಾದ್ರೆ ಬರಿತೀನಿ.”

ಎಂಟು ದಿನ ಏಣಿ ಹತ್ತಿ ಇಳಿದು, ಆನೆಯಷ್ಟೇ ದೊಡ್ಡದಾಗಿ ಒಂದು ಒಂಟಿ ಸಲಗ ಬರೆದಳು.

ಮರುದಿನ ಬೆಳಿಗ್ಗೆ ಆರಕ್ಕೆ ದಟ್ಟ ಮಂಜು. ಗೊಬ್ಬರ ತಂದ ಜೀಪ್ ಡ್ರೈವರ್ ಬಸವಯ್ಯನಿಗೆ ಚಿತ್ರದ ವಿಷಯ ಗೊತ್ತಿರಲಿಲ್ಲ. ತಿರುವಿನಲ್ಲಿ ಸಲಗ ಕಂಡದ್ದೇ ತಡ, ಜೀಪ್ ಬಿಟ್ಟು ಸಿಲ್ವರ್ ಓಕ್ ಮರ ಹತ್ತಿ ಅಲ್ಲಿಂದಲೇ ಫೋನ್ ಮಾಡಿದ. ಹತ್ತೇ ನಿಮಿಷದಲ್ಲಿ ಊರಿನ ಮೊಬೈಲುಗಳಿಗೆಲ್ಲ ಸಂದೇಶ: ಸ್ಟೋರ್ ಹತ್ತಿರ ಆನೆ, ಯಾರೂ ಹೊರಗೆ ಬರಬೇಡಿ.

ಹುಲಿಯಮ್ಮನೂ ಅಗುಳಿ ಹಾಕಿಕೊಂಡು ಒಳಗೆ ಕೂತಳು. “ಬಣ್ಣ ಇನ್ನೂ ಹಸಿ ಐತೆ. ಹಾಳಾದ್ದು ಗೋಡೆಗೆ ಮೈ ಉಜ್ಜಿಬುಟ್ರೆ ಏನ್ಮಾಡ್ಲಿ” ಎಂದು ಅವಳ ಚಿಂತೆ.

ಆನೆ ಓಡಿಸುವ ಮಹೇಶ್ ಬಂದು ಪಟಾಕಿ ಹಚ್ಚಿದ. ಆನೆ ಕದಲಲಿಲ್ಲ. ಇನ್ನೆರಡು ಹಚ್ಚಿದ.

“ಕಿವಿನೂ ಅಲ್ಲಾಡಿಸ್ತಿಲ್ವಲ್ಲ ಮಾರಾಯ!”

“ಆಗ್ಲೇ ಅಲ್ಲಾಡಿಸ್ತು ಕಣೋ, ನಾನೇ ನೋಡ್ದೆ!” ಮರದ ಮೇಲಿಂದ ಬಸವಯ್ಯ ಕೂಗಿದ.

ಒಂಬತ್ತಕ್ಕೆ ಮಂಜು ಸರಿದಾಗ ಆನೆಯ ಹೊಟ್ಟೆಯಲ್ಲಿ ಕಿಟಕಿ ಕಾಣಿಸಿತು.

ಸುದ್ದಿ ಕೇಳಿ ಓಡಿ ಬಂದ ಹುಲಿಯಮ್ಮನ ಮುಖ ಅರಳಿತು. “ಮೂರು ಗಂಟೆ ಹೊತ್ತು ಹೆದರಿದ್ರಾ? ದಿಟವಾಗ್ಲೂ?”

“ಸುಣ್ಣ ಹೊಡೆಸ್ಬುಡ್ತೀನಿ” ಎಂದರು ರವಿಚಂದ್ರ. ಕೆಲಸದ ಹೆಂಗಸರು ಒಪ್ಪಲಿಲ್ಲ.

“ಕಾಲಿಗೊಂದು ಸರಪಳಿನಾದ್ರೂ ಬರಿಯಕ್ಕ” ಎಂದು ಬಸವಯ್ಯ ಗೋಗರೆದ.

“ಕಾಡಾನೆಗೆ ಯಾರೋ ಸರಪಳಿ ಹಾಕೋರು?”

ಕೊನೆಗೆ ಅವಳೇ ಉಪಾಯ ಹುಡುಕಿದಳು. ಆನೆಯ ಮುಂದೆ ನಿಶ್ಚಿಂತೆಯಾಗಿ ಕಾಫಿ ಕೊಯ್ಯುವ ಒಬ್ಬ ಹೆಂಗಸನ್ನು ಬರೆದಳು. ಅದನ್ನು ನೋಡಿದರೆ ಇದು ಚಿತ್ರವೆಂದು ಯಾರಿಗಾದರೂ ತಿಳಿಯಲೇಬೇಕು.

ಎರಡು ದಿನ ಬಿಟ್ಟು ಮತ್ತೆ ಮಂಜು ಕವಿದಿತ್ತು. ಸ್ಟೋರ್ ಕಡೆಯಿಂದ ಹಾರನ್, ಅದರ ಮೇಲೆ ಬಸವಯ್ಯನ ಕಿರುಚಾಟ: “ಓಡಮ್ಮೋ! ಹಿಂದೆ ಆನೆ ಐತೆ!”

ಹುಲಿಯಮ್ಮ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು. “ಆನೆ ಚಿತ್ರ ಅಂತ ನಿಂಗೆ ಗೊತ್ತಿಲ್ವೇನೋ?”

“ನಂಗೆ ಗೊತ್ತು ಕಣಕ್ಕ” ಎಂದ ಬಸವಯ್ಯ ಏದುಸಿರು ಬಿಡುತ್ತ. “ಪಾಪ, ಆಯಮ್ಮಂಗೆ ಗೊತ್ತಿಲ್ವಲ್ಲ!”