ಕೊಳೆ ಇಲ್ಲದ್ದು

ವೇಮಗಲ್ ಕಡೆಯ ನಮ್ಮ ಶಾಲೆಗೆ ತಪಾಸಣೆಗೆ ಬಂದ ಸಾಹೇಬರು ಏಳನೇ ತರಗತಿಯಲ್ಲಿ ನನ್ನ ಉಪಸರ್ಗದ ಪಾಠ ಕೇಳುತ್ತ ಕುಳಿತಿದ್ದರು. ‘ನಿರ್’ ಎಂದರೆ ‘ಇಲ್ಲದ’ ಎಂದು ನಾನು ಹೇಳಿಕೊಟ್ಟ ಕೂಡಲೇ ಅವರೇ ಎದ್ದು ನಿಂತು, “ಹಾಗಾದ್ರೆ ನಿರ್ಮಲ ಅಂದ್ರೇನು?” ಎಂದು ಕೇಳಿದರು.

“ಮಲ ಅಂದ್ರೆ ಕೊಳೆ ಸಾರ್. ನಿರ್ಮಲ ಅಂದ್ರೆ ಕೊಳೆ ಇಲ್ದಿರೋದು. ಶುಭ್ರ, ಸ್ವಚ್ಛ ಅಂತಾನೂ ಹೇಳ್ಬೋದು,” ಎಂದಳು ಕಹಕಶಾ.

ಸಾಹೇಬರು ಚಪ್ಪಾಳೆ ತಟ್ಟಿ, ಶೌಚಾಲಯ ಎಲ್ಲಿದೆ ಎಂದು ವಿಚಾರಿಸಿದರು. ಹೆಡ್‌ಮಾಸ್ಟರು ಜೇಬಿನಿಂದ ಬೀಗದ ಕೈ ತೆಗೆದು, ಹಲ್ಲು ಗಿಂಜುತ್ತ ಮುಂದೆ ಓಡಿದರು.

ಜೀಪು ಹೊರಟ ಮೇಲೆ ಕಹಕಶಾ ನನ್ನ ಹತ್ತಿರ ಬಂದಳು. “ಮಿಸ್, ಅರ್ಜೆಂಟು. ಮನೆಗೆ ಹೋಗಿ ಬರ್ತೀನಿ.”

ಅವಳ ಮನೆ ಕೆರೆಯ ಆಚೆ. ನಾನು ಹೆಡ್‌ಮಾಸ್ಟರ ಬಳಿ ಬೀಗದ ಕೈ ಕೇಳಿದೆ.

“ಬೇಡ ಬಿಡಿ ಮೇಡಂ. ಈ ಮಕ್ಳು ಗಲೀಜು ಮಾಡ್ತಾರೆ.”

ಅವರ ಕೈಯಿಂದ ಕಿತ್ತುಕೊಂಡು ಹೋಗಿ ಬಾಗಿಲು ತೆಗೆದೆ. ಯಾವ ಮಗುವೂ ಕಾಲಿಡದ ಬಿಳಿ ಟೈಲ್ಸು ಫಳಫಳ ಹೊಳೆಯುತ್ತಿತ್ತು. ಗುಂಡಿಯಲ್ಲಿ ಮಲ ಹಾಗೆಯೇ ಬಿದ್ದಿತ್ತು. ಪಕ್ಕದಲ್ಲೇ ಬಕೆಟಿನ ತುಂಬ ನೀರಿತ್ತು. ಸಾಹೇಬರು ಒಂದು ಚೊಂಬನ್ನೂ ಸುರಿದಿರಲಿಲ್ಲ.