ಇಪ್ಪತ್ತನಾಲ್ಕು ಬಿಳಿ, ಆರು ಕೆಂಪು

ಅದು ಪ್ರಾರ್ಥನೆಯೇ ಆಗಿದ್ದರೆ ಮಗ್ಗ ನಿಂತ ಮೇಲೂ ಒಳಗೆ ಏನಾದರೂ ಉಳಿಯಬೇಕಿತ್ತಲ್ಲ? ಲಾಳಿ ನಿಂತ ಕೂಡಲೇ ಎಲ್ಲವೂ ನಿಲ್ಲುತ್ತದೆ. ಒಳಗೆ ತಡಕಿ ನೋಡಿದರೆ ಸಿಗುವುದು ಒಂದು ಸಂಖ್ಯೆ ಮಾತ್ರ. ಹದಿನೇಳಕ್ಕೆ ನಿಲ್ಲಿಸಿದ್ದರೆ ಹದಿನೇಳು, ಇಪ್ಪತ್ತೆರಡಕ್ಕೆ ನಿಲ್ಲಿಸಿದ್ದರೆ ಇಪ್ಪತ್ತೆರಡು. ಹಾಗಾದರೆ ಮೂರು ವರ್ಷದಿಂದ ತಾನು ಮಾಡುತ್ತಿರುವುದೇನು? ಅದಕ್ಕೂ ಮೊದಲು ಮಾಡಿದ್ದೂ ಇದನ್ನೇ ಇರಬಹುದು, ಆಗ ಗೊತ್ತಾಗಿರಲಿಲ್ಲ, ಅಷ್ಟೇ ಇರಬಹುದು.

ಕೇಶವಯ್ಯ ಲಾಳಿಯನ್ನು ದಾಟಿಸಿದ. ಹದಿನೆಂಟು.

ಹೊರಗೆ ಮಾರ್ಚ್ ತಿಂಗಳ ಮಧ್ಯಾಹ್ನ. ಎದುರಿನ ಗುಡ್ಡದ ಬಂಡೆಗಳಿಗೆ ನೆರಳಿರಲಿಲ್ಲ. ಕಲ್ಯಾಣದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಆ ಜಾಗವನ್ನು ಬಸ್ಸಿನವರು ಸ್ವಾಮುಲ ಕೊಟ್ಟಂ ಎನ್ನುತ್ತಿದ್ದರು, ಸ್ವಾಮಿಗಳ ಗುಡಿಸಲು. ಬೋರ್ಡು ಇರಲಿಲ್ಲ. ಇದ್ದವರು ಮೂವರು. ಹಿರಿಯರಾದ ಮರುಳಪ್ಪನವರು, ಅಡುಗೆ ಮತ್ತು ಬಾವಿ ನೋಡಿಕೊಳ್ಳುತ್ತಿದ್ದ ಅಮರೇಶಪ್ಪ, ಮಗ್ಗದ ಕೇಶವಯ್ಯ. ಮೂವರೂ ದೊಡ್ಡವರಾದ ಮೇಲೆ ಕ್ರಿಸ್ತನ ಕಡೆ ಬಂದವರು. ಹೆಸರು ಬದಲಿಸುವ ಪದ್ಧತಿ ಅಲ್ಲಿರಲಿಲ್ಲ. ದೇವರಿಗೆ ಹಳೆಯ ಹೆಸರೇ ಗೊತ್ತಿರುತ್ತದೆ ಎಂದು ಮರುಳಪ್ಪನವರು ಒಮ್ಮೆ ಹೇಳಿದ್ದರಂತೆ.

ಮರುಳಪ್ಪನವರದು ಕಲ್ಯಾಣದುರ್ಗದ ಶೈವ ಮನೆತನ, ಕಡಲೆಕಾಯಿ ವ್ಯಾಪಾರದವರು. ಮೂವತ್ತನೇ ವಯಸ್ಸಿನಲ್ಲಿ ಅಂಗಡಿ ಬಿಟ್ಟು ಈ ಗುಡ್ಡದ ಬುಡಕ್ಕೆ ಬಂದು ಕೂತರು. ಈಗ ಎಪ್ಪತ್ತು ದಾಟಿತ್ತು. ಮಗ್ಗದ ಕೊಟ್ಟಿಗೆಗೆ ಎದುರಾಗಿ ಅವರ ಕೋಣೆಯ ಜಗಲಿ. ದಿನದ ಹೆಚ್ಚು ಹೊತ್ತು ಅಲ್ಲಿಯೇ ಚಾಪೆ ಹಾಸಿ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಕೇಶವಯ್ಯ ಹಿಂದೂಪುರದಿಂದ ಬಂದಾಗ ಅವರು ಕಲಿಸಿದ್ದು ಒಂದೇ ವಾಕ್ಯ. ಲಾಳಿ ಎಡದಿಂದ ಹೋಗುವಾಗ ‘ಸ್ವಾಮಿ ಯೇಸುವೇ’, ಬಲದಿಂದ ಬರುವಾಗ ‘ನನ್ನ ಮೇಲೆ ಕರುಣೆ ಇಡು’. ಬಾಯಿಯಲ್ಲಿ ಬೇಡ, ಉಸಿರಿನಲ್ಲಿ ಎಂದಿದ್ದರು. ಆಗ ನೇಯುತ್ತಿದ್ದದ್ದು ಬಿಳಿ ಟವಲು. ಕೈಕಾಲು ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಆ ವಾಕ್ಯವೂ ನಡೆಯುತ್ತಿತ್ತು. ಮಗ್ಗದಿಂದ ಎದ್ದು ನೀರು ಸೇದುವಾಗಲೂ ನಡೆಯುತ್ತಿತ್ತು ಎಂದು ಅವನಿಗೆ ನೆನಪು.

ಮೂರು ವರ್ಷದ ಹಿಂದೆ ಕಲ್ಯಾಣದುರ್ಗದ ಅಂಗಡಿಯವರು ಬಿಳಿಯದನ್ನು ಯಾರೂ ಕೇಳುವುದಿಲ್ಲ, ಚೌಕುಳಿ ಕೊಡಿ ಎಂದರು. ಚೌಕುಳಿಗೆ ಎಣಿಕೆ ಬೇಕು. ಅಡ್ಡ ಎಳೆ ಇಪ್ಪತ್ತನಾಲ್ಕು ಬಿಳಿ, ಆರು ಕೆಂಪು, ಮತ್ತೆ ಬಿಳಿ. ಎರಡು ಎಳೆ ಹೆಚ್ಚಾದರೆ ಚೌಕ ಉದ್ದವಾಗುತ್ತದೆ. ಮೊದಮೊದಲು ಅವನು ಎಣಿಕೆಯನ್ನೂ ಯೇಸುವಿನ ಹೆಸರನ್ನೂ ಒಟ್ಟಿಗೆ ಹಿಡಿಯಲು ನೋಡಿದ. ಆ ವಾರದ ಆರು ಟವಲನ್ನು ಅಂಗಡಿಯವರು ವಾಪಸ್ಸು ಕಳಿಸಿದರು. ಅಮರೇಶಪ್ಪ ಒಂದನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದ.

“ಇದೇನ್ ಚೌಕಾನಾ ಅಣ್ಣ? ದಾಯಾದಿಗಳು ಹಂಚ್ಕಂಡ ಹೊಲ ಇದ್ದಂಗೈತೆ.”

ಹೆಸರು ನಡೆದ ದಿನ ಚೌಕ ಕೆಟ್ಟಿತು. ಚೌಕ ನೆಟ್ಟಗಾದ ದಿನ ಹೆಸರು ಇರಲಿಲ್ಲ. ಕೆಲಸವನ್ನು ಕೆಡಿಸುವುದೂ ಪಾಪವೇ ಎಂದುಕೊಂಡು ಅವನು ಎಣಿಕೆಗೆ ಜಾಗ ಬಿಟ್ಟ. ಎಣಿಕೆ ಮಗ್ಗದಲ್ಲಿ ನಿಲ್ಲಲಿಲ್ಲ. ಬೆಳಗಿನ ಪ್ರಾರ್ಥನೆಗೆ ಮೊಣಕಾಲೂರಿದಾಗ ಬಂತು. ಊಟದ ಮುಂದೆ ಬಂತು. ಸ್ವಾಮಿ ಎಂದು ಶುರು ಮಾಡಿದರೆ ನಾಲ್ಕು, ಐದು, ಆರು ಎಂದು ಮುಗಿಯುತ್ತಿತ್ತು. ಕೊನೆಗೆ ಸ್ವಾಮಿ ಎನ್ನುವುದೂ ಬಿಟ್ಟುಹೋಯಿತು.

ಆಶ್ರಮದಲ್ಲಿ ಒಂದು ನಿಯಮವಿತ್ತು. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಒಬ್ಬೊಬ್ಬರಾಗಿ ಹಿರಿಯರ ಎದುರು ಕೂತು ಆ ವಾರ ಮನಸ್ಸಿಗೆ ಬಂದದ್ದನ್ನೆಲ್ಲ ಒಪ್ಪಿಸಬೇಕು. ಮಾಡಿದ ತಪ್ಪನ್ನಷ್ಟೇ ಅಲ್ಲ, ಬಂದುಹೋದ ಯೋಚನೆಯನ್ನೂ ಹೇಳಬೇಕು. ಬಚ್ಚಿಟ್ಟ ಯೋಚನೆ ಒಳಗೇ ಬೇರು ಬಿಡುತ್ತದೆ, ಹೇಳಿದ್ದು ಒಣಗುತ್ತದೆ ಎಂಬುದು ಹಿಂದೆ ಮರುಭೂಮಿಯಲ್ಲಿದ್ದ ಕ್ರೈಸ್ತ ತಪಸ್ವಿಗಳ ಕಾಲದಿಂದ ಬಂದ ನಂಬಿಕೆ. ಮರುಳಪ್ಪನವರು ಕೇಳಿಸಿಕೊಂಡು ಒಂದು ಮಾತು ಹೇಳುತ್ತಿದ್ದರು, ಇಲ್ಲವೇ ತಲೆಯಾಡಿಸಿ ಕಳಿಸುತ್ತಿದ್ದರು. ಕೇಶವಯ್ಯ ಮೂರು ವರ್ಷದಲ್ಲಿ ಎಲ್ಲವನ್ನೂ ಹೇಳಿದ್ದ. ಸಾರಿಗೆ ಉಪ್ಪು ಕಡಿಮೆಯಾದಾಗ ಬಂದ ಸಿಟ್ಟು, ಮಧ್ಯಾಹ್ನದ ಬೇಸರ, ರಸ್ತೆಯಲ್ಲಿ ಹೋದ ಮದುವೆ ಜೀಪನ್ನು ಕಾಣದಾಗುವವರೆಗೆ ನೋಡುತ್ತಾ ನಿಂತದ್ದು. ಇದೊಂದನ್ನು ಹೇಳಿರಲಿಲ್ಲ.

ಬರುವ ಈಸ್ಟರ್ ದಿನ ಅವನು ಆಜೀವ ವ್ರತ ತೆಗೆದುಕೊಳ್ಳಬೇಕಿತ್ತು. ಸಾಯುವವರೆಗೆ ಎಡೆಬಿಡದೆ ಪ್ರಾರ್ಥಿಸುತ್ತೇನೆ ಎಂದು ಗಟ್ಟಿಯಾಗಿ ಹೇಳಬೇಕು. ಮೂರು ವರ್ಷದಿಂದ ಒಮ್ಮೆಯೂ ಪ್ರಾರ್ಥಿಸದವನು ಅದನ್ನು ಹೇಳಿದರೆ ಏನಾಗುತ್ತದೆ ಎಂದು ಯೋಚಿಸುತ್ತಿದ್ದ. ಏನೂ ಆಗುವುದಿಲ್ಲ ಅನಿಸಿದಾಗ ಹೆಚ್ಚು ಹೆದರಿಕೆಯಾಗುತ್ತಿತ್ತು.

ಗುರುವಾರ ನೂಲು ತರಲು ಹಿಂದೂಪುರಕ್ಕೆ ಹೋದ. ಪಾವಗಡದಲ್ಲಿ ಬಸ್ಸು ಬದಲಿಸಿ ಅಲ್ಲಿ ಇಳಿದಾಗ ಹನ್ನೊಂದು ಗಂಟೆ. ನೂಲಿನ ಅಂಗಡಿ ಅಣ್ಣ ರಾಮಲಿಂಗಯ್ಯನ ಮನೆಯ ಬೀದಿಯಲ್ಲಿಯೇ ಇತ್ತು. ಬಣ್ಣ ಹಾಕಿದ ಕಟ್ಟು ಸಂಜೆಗೆ ಬರುತ್ತದೆ ಎಂದರು. ಅಣ್ಣ ಊಟಕ್ಕೆ ಕೂರಿಸಿ, ತಾನು ಪೇಟೆಗೆ ಹೋಗಿ ಬರುವವರೆಗೆ ಇರು ಎಂದ. ಒಳಮನೆಯಲ್ಲಿ ಎರಡು ಗುಂಡಿಮಗ್ಗ. ಒಂದರಲ್ಲಿ ಚೌಕುಳಿ ಸೀರೆ ಅರ್ಧಕ್ಕೆ ನಿಂತಿತ್ತು. ಇನ್ನೊಂದು ಖಾಲಿ.

ಸುಮ್ಮನೆ ಕೂರಲಾರದೆ ಕೇಶವಯ್ಯ ಅರ್ಧ ನಿಂತ ಸೀರೆಯ ಮಗ್ಗಕ್ಕೆ ಇಳಿದ. ಅತ್ತಿಗೆ ಬನಶಂಕರಿ ಮೂಲೆಯಲ್ಲಿ ರಾಟೆ ಇಟ್ಟುಕೊಂಡು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ ನಕ್ಕಳು.

“ಏನ್ ಸ್ವಾಮುಲೂ, ಎಷ್ಟಕ್ ಬಂತು?”

ಅವನು ಕೈಯೆತ್ತಿ ತಡೆದ. ಆರು ಮುಗಿಸಿ ಲಾಳಿ ಇಟ್ಟ. ಏನು ಎಷ್ಟಕ್ಕೆ ಎಂದು ಕೇಳಿದ.

“ಎಣಿಕೆ ಕಣಪ್ಪ. ತುಟಿ ಆಡ್ತಾ ಐತಲ್ಲ, ಮಾವಯ್ಯನೋರ್ದೂ ಹಿಂಗೇ.” ರಾಟೆ ನಿಲ್ಲಿಸಿದಳು. “ನಮ್ಮಪ್ಪಂದು ಅಂಗ್ಡಿ. ಮಗ್ಗ ಅಂದ್ರೆ ಏನು ಅಂತ ನಾನೇನು ಕಂಡಿದ್ನಾ? ಮದ್ವೆಯಾಗಿ ಬಂದು ನೋಡಿದ್ರೆ ಮಾವಯ್ಯ ನನ್ ಕಡೆ ನೋಡ್ಕಂಡು ಬಾಯಲ್ಲೇ ಏನೋ ಗೊಣಗ್ತಾ ಅವ್ರೆ. ನನ್ನೇ ಬೈತಾವ್ರೆ ಅಂದ್ಕಂಡು ಮೂರ್ ದಿನ ಅತ್ತಿದ್ದೀನಿ. ಅತ್ತೆ ಬಂದು, ಅಯ್ಯೋ ಪಿಚ್ಚಿದಾನಾ, ಹುಚ್ಚೀ, ಅದು ಲೆಕ್ಕ ಕಣೇ ಅಂದ್ರು.”

ಕೇಶವಯ್ಯನೂ ನಕ್ಕ. ತನ್ನ ತುಟಿ ಆಡುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಸಂಜೆ ಅಣ್ಣ ಬಂದು ನೇಯ್ದಷ್ಟನ್ನು ಬೆರಳಿನಿಂದ ಸವರಿ ನೋಡಿದ. ಬಸ್ ಸ್ಟ್ಯಾಂಡಿನವರೆಗೆ ನೂಲಿನ ಕಟ್ಟು ಹೊತ್ತು ತಂದ. ಬಸ್ಸು ಹತ್ತಿಸುವಾಗ, ಆ ಇನ್ನೊಂದು ಮಗ್ಗ ಖಾಲಿ ಐತೆ, ಗೊತ್ತಲ್ಲ ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಕೇಶವಯ್ಯ ತೀರ್ಮಾನ ಮಾಡಿದ. ಶನಿವಾರ ಹೇಳಿಬಿಡುವುದು. ಹೇಳಿದ ಮೇಲೆ ವ್ರತ ನಿಲ್ಲಬಹುದು. ನಿಂತರೆ ಖಾಲಿ ಮಗ್ಗವಿದೆ. ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ‘ಅಯ್ಯ, ನಾನು ಮೂರು ವರ್ಷದಿಂದ ಪ್ರಾರ್ಥನೆ ಮಾಡಿಲ್ಲ, ಎಣಿಸುತ್ತಿದ್ದೇನೆ.’ ಚಿಕ್ಕ ವಾಕ್ಯ. ಪಾವಗಡ ಬರುವಷ್ಟರಲ್ಲಿ ಅದು ಬಾಯಿಪಾಠವಾಗಿತ್ತು.

ಶನಿವಾರ ನಾಲ್ಕಕ್ಕೆ ಜಗಲಿಗೆ ಹೋಗಿ ಚಾಪೆಯ ಅಂಚಿನಲ್ಲಿ ಕೂತ. ಮರುಳಪ್ಪನವರು ಎಂದಿನಂತೆ ಕಣ್ಣು ಮುಚ್ಚಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು.

“ಇವತ್ತು ಮೊದ್ಲು ನಾನ್ ಹೇಳ್ಬುಡ್ತೀನಿ ಕಣಪ್ಪ. ಆಮೇಲೆ ನೀನ್ ಹೇಳು. ನನ್ ಮಾತು ಕೇಳೋಕೆ ಇಲ್ಲಿ ಯಾವ ಹಿರಿಯರವ್ರೆ?”

ಅವರು ಅಡ್ಡ ಹಿಡಿದ ಕೈ ಇಳಿಸಿದರು.

“ಹನ್ನೊಂದು ವರ್ಷ ಆಯ್ತು. ಕೂತ್ಕಂತೀನಿ, ಏನೂ ಇರಲ್ಲ. ಅಂಗ್ಡೀಲಿ ಮೂಟೆ ಬಿಚ್ಚಿ ಕಡ್ಲೇಕಾಯಿ ಒಡ್ದು ನೋಡ್ತಿದ್ವಿ. ಮೇಲ್ನೋಟಕ್ಕೆ ದಪ್ಪಗಿರ್ತಿತ್ತು, ಒಡುದ್ರೆ ಬೀಜಾನೇ ಇಲ್ಲ. ಹಂಗೆ.” ತಮ್ಮ ಎದೆಯ ಮೇಲೆ ಬೆರಳಿನಿಂದ ತಟ್ಟಿದರು. “ಎದ್ದೋಗ್ಬುಡಾನ ಅಂತ ಎಷ್ಟೋ ದಿನ ಅನ್ಸೈತೆ. ಆಗ ನಿನ್ ಕಡೆ ನೋಡ್ತೀನಿ. ಮೊದ್ಲು ನೀನು ಸುಮ್ನೆ ನೇಯ್ತಿದ್ದೆ, ಬಾಯಿ ಮುಚ್ಕಂಡು. ಇವನಿಗೂ ಪ್ರಾರ್ಥನೆ ಬಂದಿಲ್ಲ ಅಂದ್ಕಂಡಿದ್ದೆ. ಮೂರು ವರ್ಷದಿಂದ ನಿನ್ ತುಟಿ ನಿಂತಿಲ್ಲ, ಉಸಿರಲ್ಲಿ ತುಂಬಿದ್ದು ತಾನಾಗೇ ತುಟಿಗೆ ಬಂದೈತೆ. ಶುರುವಾದ ದಿನಾನೂ ನೆನಪೈತೆ ನಂಗೆ. ಮಗ್ಗದಾಗೂ ಅದೇ, ಬಾವಿ ಹತ್ರಾನೂ ಅದೇ. ಈ ಕೊಟ್ಟಂನಲ್ಲಿ ಒಬ್ಬನಿಗಾದ್ರೂ ಪ್ರಾರ್ಥನೆ ಬಂದೈತಲ್ಲ ಅಂತ ಕೂತಿದ್ದೀನಿ.”

ಆಮೇಲೆ ಅವರು ಈಸ್ಟರಿನ ಮಾತು ತೆಗೆದರು. ಅವನು ವ್ರತ ತೆಗೆದುಕೊಳ್ಳುವುದನ್ನು ನೋಡುವುದಕ್ಕಾಗಿ ಈ ವರ್ಷ ಎದ್ದು ಹೋಗದೆ ಕೂತಿದ್ದೇನೆ ಎಂದರು. ಕಣ್ಣು ಮುಚ್ಚಿ, ಈಗ ನೀನು ಹೇಳು ಎಂದರು.

ಬಸ್ಸಿನಲ್ಲಿ ಜೋಡಿಸಿದ ವಾಕ್ಯ ಕೇಶವಯ್ಯನಿಗೆ ಮರೆತಿರಲಿಲ್ಲ. ಅದರ ಒಂದೊಂದು ಪದವೂ ಇದ್ದ ಕ್ರಮದಲ್ಲಿಯೇ ಇತ್ತು. ಹೇಳಿದರೆ ತನ್ನ ಎದೆ ಹಗುರವಾಗುತ್ತದೆ, ನಿಯಮವೂ ಉಳಿಯುತ್ತದೆ. ಎದುರಿಗಿದ್ದ ಮುಖದಲ್ಲಿ ಕಣ್ಣಿನ ರೆಪ್ಪೆಗಳು ಸ್ವಲ್ಪ ನಡುಗುತ್ತಿದ್ದವು. ಬಾವಿಯ ಹತ್ತಿರ ಅಮರೇಶಪ್ಪ ಕೊಡ ಇಳಿಸಿದ ಸದ್ದಾಯಿತು.

ಹಿಂದೂಪುರದಲ್ಲಿ ಅಣ್ಣನ ಮನೆಯ ಖಾಲಿ ಮಗ್ಗ ನೋಡಿ ಆಸೆಯಾಯಿತು ಎಂದು ಹೇಳಿದ.

“ಅಷ್ಟೇನಾ?”

“ಅಷ್ಟೇ ಅಯ್ಯ.”

ಮರುಳಪ್ಪನವರು ತಲೆಯಾಡಿಸಿದರು.

ಈಸ್ಟರ್ ದಿನ ಅವನು ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿದ. ಅಮರೇಶಪ್ಪ ಪಾಯಸ ಮಾಡಿದ್ದ. ಮರುದಿನ ಎಂದಿನಂತೆ ಮಗ್ಗಕ್ಕೆ ಇಳಿದ. ಒಂದು ಬದಲಾವಣೆ ಇತ್ತು. ಈಗ ತನ್ನ ತುಟಿ ಆಡುವುದು ಅವನಿಗೆ ಗೊತ್ತಾಗುತ್ತಿತ್ತು. ಲಾಳಿ ಬದಲಿಸಲು ನಿಲ್ಲುವಾಗ ತುಟಿಯೂ ನಿಲ್ಲುತ್ತಿತ್ತು. ಆಗ ಜಗಲಿಯ ಕಡೆ ನೋಡುತ್ತಿರಲಿಲ್ಲ.

ಜುಲೈ ಕೊನೆಗೆ ಮರುಳಪ್ಪನವರ ಕಾಲು ಊದಿಕೊಂಡಿತು. ಕಲ್ಯಾಣದುರ್ಗದ ಡಾಕ್ಟರು ಬಂದು ಹೃದಯ ಸೋತಿದೆ, ಇಷ್ಟೇ ದಿನ ಎಂದು ಹೇಳಲು ಬರುವುದಿಲ್ಲ ಎಂದರು. ಅವರನ್ನು ಜಗಲಿಯ ಮೇಲೆಯೇ ಮಂಚ ಹಾಕಿ ಮಲಗಿಸಿದರು. ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ತಮ್ಮನ್ನು ಮಲಗಿಸಿಯೇ ಮಾಡಿ, ಕೂತು ಸಾಕಾಗಿದೆ ಎಂದರು. ಪೆಟ್ಟಿಗೆ ಬೇಡ ಎಂದರು. ಕೇಶವಯ್ಯನನ್ನು ಹತ್ತಿರ ಕರೆದರು.

“ಸುತ್ತೋಕೆ ಒಂದು ಬಟ್ಟೆ ನೇಯಿ. ಗೆರೆಗಿರೆ ಬೇಡ, ಬಿಳೀದೇ ಇರ್ಲಿ. ಹೆಸರು ಹೇಳ್ಕಂಡು ನೇಯಿ. ಹೆಂಗೂ ಹೇಳ್ತೀಯಲ್ಲ.”

ಅವನು ಬಿಳಿ ನೂಲಿನ ಹಾಸು ಹೂಡಿದ. ಬಿಳಿಗೆ ಎಣಿಕೆ ಬೇಕಿರಲಿಲ್ಲ. ಎಣಿಕೆ ಇಲ್ಲದಿದ್ದರೆ ತುಟಿ ಆಡುವುದಿಲ್ಲ. ಮಂಚದಿಂದ ಅವರು ಈ ಕಡೆಗೇ ಮುಖ ಮಾಡಿದ್ದರು. ಮೊದಲ ದಿನ ಅವನು ಎಣಿಸಿಯೇ ನೋಡಿದ. ಇಪ್ಪತ್ತನಾಲ್ಕು ದಾಟಿದ ಮೇಲೆ ಲಾಳಿ ಬದಲಿಸುವುದಿರಲಿಲ್ಲ. ಇಪ್ಪತ್ತೈದು, ನೂರು, ಮುನ್ನೂರು ಎಂದು ಹೋಯಿತು. ನಾನೂರರ ಆಸುಪಾಸಿನಲ್ಲಿ ತಪ್ಪಿತು. ತಪ್ಪಿದ್ದರಿಂದ ಬಟ್ಟೆಗೆ ಏನೂ ಆಗಲಿಲ್ಲ.

ತುಟಿ ನಿಲ್ಲಿಸುವ ಹಾಗಿರಲಿಲ್ಲ. ಬರಿದೇ ಆಡಿಸುವುದು ಅವನಿಂದ ಆಗಲಿಲ್ಲ. ಅದರೊಳಗೆ ಏನನ್ನಾದರೂ ಇಡಬೇಕಿತ್ತು. ತನಗಾಗಿ ಕೇಳಲು ಅವನ ಬಳಿ ಏನೂ ಉಳಿದಿರಲಿಲ್ಲ. ಎಡದಿಂದ ಹೋಗುವಾಗ ‘ಸ್ವಾಮಿ ಯೇಸುವೇ’ ಎಂದ. ಬಲದಿಂದ ಬರುವಾಗ ‘ಅಯ್ಯನ ಮೇಲೆ ಕರುಣೆ ಇಡು’ ಎಂದ. ಅದು ಪ್ರಾರ್ಥನೆಯೋ ನಟನೆಯೋ ಎಂದು ಸ್ವಲ್ಪ ಹೊತ್ತು ಯೋಚಿಸಿದ. ಯೋಚಿಸುತ್ತಾ ಇದ್ದಾಗಲೂ ಅದು ನಡೆದಿತ್ತು.

ಬಟ್ಟೆಗೆ ನಾಲ್ಕು ದಿನ ಹಿಡಿಯಿತು. ಮೂರನೇ ದಿನದಿಂದ ಮರುಳಪ್ಪನವರು ಹೆಚ್ಚಾಗಿ ಕಣ್ಣು ಮುಚ್ಚಿಯೇ ಇದ್ದರು. ನೋಡುವವರು ಇರಲಿಲ್ಲ. ಅವನು ತುಟಿ ನಿಲ್ಲಿಸಲಿಲ್ಲ.

ಬಟ್ಟೆ ಮುಗಿದ ವಾರಕ್ಕೆ, ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಅವರು ತೀರಿಕೊಂಡರು. ಪ್ರಾರ್ಥನಾ ಕೋಣೆಯ ಹಿಂದೆ ಮಲಗಿಸಿ ಮಣ್ಣು ಮಾಡಿದರು. ಬಟ್ಟೆ ಒಂದು ಮೊಳ ಹೆಚ್ಚಾಗಿತ್ತು. ಅಮರೇಶಪ್ಪ ಅದನ್ನು ಪಾದದ ಕೆಳಗೆ ಮಡಿಸಿದ. ಮರುವಾರ ಅಂಗಡಿಯವರು ಹೇಳಿಕಳಿಸಿದರು, ಕೇಶವಯ್ಯ ಮತ್ತೆ ಚೌಕುಳಿಗೆ ಕೂತ. ಮುಂದಿನ ಶನಿವಾರಗಳಲ್ಲಿ ಜಗಲಿಯ ಮೇಲೆ ಕೂತು ಅಮರೇಶಪ್ಪನ ಮಾತನ್ನು ಕೇಳಿಸಿಕೊಳ್ಳುವುದು ಅವನ ಪಾಲಿಗೆ ಬಂತು.

ಮೂರು ವರ್ಷ ಅವರು ನೋಡುತ್ತಾ ಕೂತಿದ್ದದ್ದು ಎಣಿಕೆಯನ್ನು ಎಂದು ಅವನು ಮರುಳಪ್ಪನವರಿಗೆ ಹೇಳಲೇ ಇಲ್ಲ.